ಒಂದೇ ಪೆಟ್ಟಿಗೆಯ ಶಾಂಪೇನ್, ಬೇರೆ ಬೇರೆ ವಯಸ್ಸು: ಕೊನೆಗೂ ಕಾರಣ ಸಿಕ್ಕಿತು

ಪೆಟ್ಟಿಗೆಯ ಒಗಟು ಬಿಡಿಸಿದ್ದೇನೆ! ಹಿಂದಿನ ಟಿಪ್ಪಣಿ ಓದದವರಿಗೆ ಎರಡೇ ಮಾತು. ಫ್ರಾನ್ಸಿನ ಅವೀಝ್ ಕಡೆಯ ಒಬ್ಬ ಸಣ್ಣ ಬೆಳೆಗಾರರ 2012ರ ಬ್ಲಾಂ ದ ಬ್ಲಾಂ, ಅಂದರೆ ಬಿಳಿ ದ್ರಾಕ್ಷಿಯಿಂದ ಮಾತ್ರ ಮಾಡಿದ ಶಾಂಪೇನ್. ಪೂರ್ತಿ ಶಾರ್ಡನೆ ದ್ರಾಕ್ಷಿ, ಎಕ್ಸ್‌ಟ್ರಾ ಬ್ರಟ್, ಅಂದರೆ ಸಿಹಿ ತೀರಾ ಕಡಿಮೆ. ಎಲ್ಲ ಬಾಟಲಿಯ ಹಿಂದೆಯೂ ಒಂದೇ ಡಿಸ್ಗಾರ್ಜ್ ದಿನಾಂಕ (ಬಾಟಲಿಯಿಂದ ಯೀಸ್ಟಿನ ಮಡ್ಡಿ ಹೊರಹಾಕಿದ ದಿನ), 2018ರ ಮಾರ್ಚ್. ಬ್ರಸೆಲ್ಸಿನ ನಮ್ಮ ನೆಲಮಾಳಿಗೆಯಲ್ಲಿ ಒಂದೇ ಸಾಲಿನಲ್ಲಿ ಮಲಗಿದ್ದವು. ಆದರೂ ಒಂದು ಬಾಟಲಿ ಇನ್ನೂ ಹುಡುಗ, ಪಕ್ಕದ್ದು ಮುದುಕ.

 ನೇರ ತೊಂದರೆಗೆ ಬರುತ್ತೇನೆ.

ಚೆನ್ನಾಗಿದ್ದ ಬಾಟಲಿ ಹೇಗಿತ್ತು ಅಂದರೆ, ಸುರಿದ ಕೂಡಲೇ ಮೂಗಿಗೆ ನಿಂಬೆ ಸಿಪ್ಪೆ, ಸೀಮೆಸುಣ್ಣ. ಗ್ಲಾಸಿನಲ್ಲಿ ಐದಾರು ನಿಮಿಷ ಬಿಟ್ಟರೆ ಹುರಿದ ಬಾದಾಮಿ, ಬೆಣ್ಣೆ ಹಚ್ಚಿ ಕಾಯಿಸಿದ ಬನ್ನು. ಹುಳಿ ನಾಲಿಗೆಯ ಎರಡೂ ಅಂಚಿನಲ್ಲಿ ಓಡುತ್ತದೆ, ಕೊನೆಯಲ್ಲಿ ಒಂಚೂರು ಉಪ್ಪುಪ್ಪು. 2012 ಶಾಂಪೇನ್ ಸೀಮೆಗೆ ಕಷ್ಟದ ವರ್ಷ. ಹಿಮ, ಆಲಿಕಲ್ಲು, ಬೂಜು ರೋಗ ಎಲ್ಲ ಬಂದು ಬೆಳೆ ಕಡಿಮೆಯಾಯಿತು. ಆದರೆ ಆಗಸ್ಟಿನ ಬಿಸಿಲಿಗೆ ಉಳಿದ ದ್ರಾಕ್ಷಿ ಚೆನ್ನಾಗಿ ಹಣ್ಣಾಯಿತು, ಹುಳಿಯೂ ಉಳಿಯಿತು. ಇಂಥ ವೈನ್ ಹತ್ತು ಹದಿನೈದು ವರ್ಷ ಬೆಳೆಯಲಿ ಅಂತಲೇ ನಾವು ಇಡುವುದು ಅಲ್ವಾ?

ಕೆಟ್ಟ ಬಾಟಲಿಯ ಬಣ್ಣವೇ ಬೇರೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದರೆ ಹಳದಿಯಲ್ಲಿ ಕಂದು ಬೆರೆತಿದೆ. ಮೂಗಿಗೆ ಹೆಚ್ಚಿಟ್ಟು ಕಂದಿದ ಸೇಬು, ಒಣ ಅಣಬೆ. ಗುಳ್ಳೆ ಇದೆ, ಆದರೆ ಜೀವ ಇಲ್ಲ. ಗುಟುಕು ನುಂಗಿದ ಮೇಲೆ ರುಚಿ ಮುಂದಕ್ಕೇ ಹೋಗುವುದಿಲ್ಲ. ಇದನ್ನು "ಹಳೇ ಶಾಂಪೇನ್ ರುಚಿ" ಅಂತ ಕೆಲವರು ಹೊಗಳುತ್ತಾರೆ. ನಾನು ಒಪ್ಪುವುದಿಲ್ಲ. ವಯಸ್ಸಾಗುವುದು ಬೇರೆ, ಗಾಳಿ ಹೊಕ್ಕು ಕೆಡುವುದು ಬೇರೆ. ಮೊದಲನೆಯದರಲ್ಲಿ ಹೊಸ ಹೊಸ ರುಚಿ ಸೇರುತ್ತವೆ. ಎರಡನೆಯದರಲ್ಲಿ ಇದ್ದದ್ದೂ ಹೋಗುತ್ತದೆ.

ಯಾರ ಮೇಲೆ ಅನುಮಾನ ಪಡುವುದು? ಬೆಳಕಿನ ಮೇಲಂತೂ ಅಲ್ಲ. ಬಾಟಲಿ ಗಾಢ ಹಸಿರು, ಪೆಟ್ಟಿಗೆಯೊಳಗೇ ಇತ್ತು. ಬೆಳಕು ತಾಗಿದ ಶಾಂಪೇನ್ ಬೆಂದ ಎಲೆಕೋಸಿನ ವಾಸನೆ ಹೊಡೆಯುತ್ತದೆ, ಇಲ್ಲಿ ಅದಿಲ್ಲ. ಕಾರ್ಕಿನ ಮುಗ್ಗಲು ವಾಸನೆ? ಆ ವಾಸನೆ ಹೀರಲಿ ಅಂತ ಪಾಲಿಥಿನ್ ಹಾಳೆ ಮುದುಡಿ ಗ್ಲಾಸಿಗೆ ಹಾಕಿ ಅಲ್ಲಾಡಿಸಿ ನೋಡಿದೆ, ಏನೂ ಬದಲಾಗಲಿಲ್ಲ. ನೆಲಮಾಳಿಗೆಯ ಬಿಸಿ ಆಗಿದ್ದರೆ ಇಡೀ ಸಾಲು ಕೆಡಬೇಕಿತ್ತು.

ಉಳಿದದ್ದು ಕಾರ್ಕ್. ಇದರ ಹಿಂದೆ ನಾನು ಬಹಳ ತಿರುಗಿದೆ. ಶಾಂಪೇನ್ ಕಾರ್ಕು ಹಾಕುವ ಮೊದಲು 31 ಮಿಲಿಮೀಟರ್ ದಪ್ಪ. ಅದನ್ನು ಒತ್ತಿ ಒತ್ತಿ ಹೆಚ್ಚುಕಮ್ಮಿ 18 ಮಿಲಿಮೀಟರ್ ಬಾಯಿಗೆ ತುರುಕುತ್ತಾರೆ. ಮೈಯೆಲ್ಲ ಪುಡಿ ಕಾರ್ಕು ಅಂಟಿಸಿದ್ದು, ವೈನ್ ತಾಗುವ ಬುಡದಲ್ಲಿ ಮಾತ್ರ ಅಪ್ಪಟ ಕಾರ್ಕಿನ ಎರಡು ಬಿಲ್ಲೆ. ಎಳೆಯ ಕಾರ್ಕು ತೆಗೆದ ತಕ್ಷಣ ಬುಡ ಲಂಗದ ಹಾಗೆ ಅರಳುತ್ತದೆ. ವರ್ಷ ಕಳೆದಂತೆ ಹಿಗ್ಗುವ ಶಕ್ತಿ ಕಳೆದುಕೊಂಡು ಗೂಟದಂತೆ ನೇರ ಉಳಿಯುತ್ತದೆ. ಹಾಗೆ ಸಡಿಲವಾದ ಕಾರ್ಕಿನ ಪಕ್ಕದಲ್ಲಿ ಒಳಗಿನ ಗ್ಯಾಸು ಹೊರಗೆ, ಹೊರಗಿನ ಆಮ್ಲಜನಕ ಒಳಗೆ.

ಹಾಗಾಗಿ ತೆರೆದ ಪ್ರತಿ ಕಾರ್ಕಿನ ಮೇಲೂ ಪೆನ್ನಿನಲ್ಲಿ ಗುರುತು ಹಾಕಿ, ಮಾರನೇ ದಿನ ವರ್ನಿಯರ್‌ನಲ್ಲಿ ಬುಡ ಅಳೆದೆ. ಮೊದಮೊದಲು ಲೆಕ್ಕ ಸರಿಯಾಗಿ ಕೂತಿತು. ದಣಿದ ಬಾಟಲಿಗೆ ಗೂಟದ ಕಾರ್ಕು, ಒಳ್ಳೆ ಬಾಟಲಿಗೆ ಅರಳಿದ ಕಾರ್ಕು. ಸಿಕ್ಕೇಬಿಟ್ಟಿತು ಅನ್ನುವಷ್ಟರಲ್ಲಿ ಕೈ ಕೊಟ್ಟಿತು. ಚೆನ್ನಾಗಿ ಅರಳಿದ, ಒದ್ದೆಯಾಗಿದ್ದ, ಒಂದು ಬಿರುಕೂ ಇಲ್ಲದ ಕಾರ್ಕು. ಒಳಗೆ ಮಾತ್ರ ಅದೇ ಕಂದಿದ ಸೇಬು. ಇದಾದ ಮೇಲೆ ಇನ್ನೊಂದು ತಿರುಗಮುರುಗ. ಗೂಟದ ಕಾರ್ಕು, ವೈನ್ ಮಾತ್ರ ಫಸ್ಟ್ ಕ್ಲಾಸ್. ಆವತ್ತು ವರ್ನಿಯರ್ ತೆಗೆದು ಡ್ರಾಯರಿನಲ್ಲಿಟ್ಟೆ.

ದಾರಿ ತೋರಿಸಿದ್ದು ಬೆಳೆಗಾರರೇ. ಅವರ ಮನೆಗೆ ಹೋದಾಗ ಅರಳಿದ ಕಾರ್ಕು, ಗೂಟದ ಕಾರ್ಕು ಎರಡನ್ನೂ ಮೇಜಿನ ಮೇಲಿಟ್ಟು ಕಥೆ ಹೇಳಿದೆ. ಅವರು ಕಾರ್ಕಿನ ಕಡೆ ನೋಡಲೇ ಇಲ್ಲ. "ನಿಮ್ಮದು ಮಾರ್ಚ್‌ನದ್ದೋ ನವೆಂಬರ್‌ನದ್ದೋ?" ಅಂತ ಕೇಳಿದರು. 2018ರಲ್ಲಿ ಅದೇ ವೈನನ್ನು ಅವರು ಎರಡು ಸಲ ಡಿಸ್ಗಾರ್ಜ್ ಮಾಡಿದ್ದರಂತೆ. ಮಾರ್ಚ್‌ನಲ್ಲಿ ತಮ್ಮ ಶೆಡ್ಡಿನಲ್ಲಿ, ಕೈಯಿಂದ. ನವೆಂಬರ್‌ನಲ್ಲಿ ಬಾಡಿಗೆ ಮೆಷಿನ್ನು ತರಿಸಿ. ಆ ಮೆಷಿನ್ನಿನಲ್ಲಿ ಜೆಟ್ಟಿಂಗ್ ಇತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಡೀ ಗುಟ್ಟು ಇದರಲ್ಲೇ ಇದೆ. ಡಿಸ್ಗಾರ್ಜ್ ಆಗುವ ತನಕ ಬಾಟಲಿಯಲ್ಲಿ ಯೀಸ್ಟಿನ ಮಡ್ಡಿ ಇರುತ್ತದೆ. ಒಳಕ್ಕೆ ಬರುವ ಆಮ್ಲಜನಕವನ್ನು ಅದು ನುಂಗುತ್ತಲೇ ಇರುತ್ತದೆ. ಮಡ್ಡಿ ಹೊರಗೆ ಹಾರಿದ ಕ್ಷಣದಿಂದ ಆ ಕಾವಲು ಹೋಯಿತು. ಮಡ್ಡಿ ಹಾರಿಸಿ, ಕಡಿಮೆಯಾದದ್ದನ್ನು ತುಂಬಿಸಿ, ಡೋಸೇಜ್ ಅಂದರೆ ಒಂಚೂರು ಸಕ್ಕರೆ ಹಾಕಿ, ಕಾರ್ಕು ಹೊಡೆಯುವ ತನಕ ಬಾಟಲಿ ಬಾಯಿ ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ವೈನ್ ನೊರೆಯುಕ್ಕಿ ಕತ್ತಿನ ತನಕ ಬಂದರೆ ಗಾಳಿ ಹೊರಗೆ ಹೋಗುತ್ತದೆ. ಸುಮ್ನೆ ಕೂತಿದ್ದರೆ ಗಾಳಿ ಒಳಗೇ ಉಳಿಯುತ್ತದೆ, ಅದರ ಮೇಲೆಯೇ ಕಾರ್ಕು ಬೀಳುತ್ತದೆ. ಯಾವ ಬಾಟಲಿ ಉಕ್ಕುತ್ತದೆ, ಯಾವುದು ಸುಮ್ಮನಿರುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಒಂದೇ ದಿನ ಹಾಕಿದ ಮಾವಿನ ಉಪ್ಪಿನಕಾಯಿಯ ಎರಡು ಭರಣಿಯಲ್ಲಿ ಒಂದರ ಬಾಯಿಗೆ ಮಾತ್ರ ಬಟ್ಟೆ ಬಿಗಿಯಾಗಿ ಕಟ್ಟಿದ ಹಾಗೆ.

ಜೆಟ್ಟಿಂಗ್ ಮಾಡುವುದು ಇಷ್ಟೇ. ಕಾರ್ಕು ಹೊಡೆಯುವ ಮುಂಚೆ ಸಲ್ಫೈಟ್ ಬೆರೆಸಿದ ನೀರನ್ನೋ ವೈನನ್ನೋ ಸಣ್ಣ ಹನಿಯಷ್ಟು, ಜೋರಾಗಿ, ಕತ್ತಿನೊಳಗೆ ಚಿಮ್ಮಿಸುತ್ತಾರೆ. ವೈನ್ ನೊರೆಯಾಗಿ ಬಾಯಿಯ ತನಕ ಏರುತ್ತದೆ, ಗಾಳಿಯನ್ನು ತಳ್ಳುತ್ತದೆ, ಆಗಲೇ ಕಾರ್ಕು. ಪ್ರತಿ ಬಾಟಲಿಯೂ ಉಕ್ಕುತ್ತದೆ. ಅದೃಷ್ಟದ ಆಟ ಅಲ್ಲಿಗೆ ಮುಗಿಯಿತು. 2000ದ ನಂತರ ಶಾಂಪೇನ್ ಮಾಡುವ ದೊಡ್ಡ ಮನೆತನಗಳು ಒಂದೊಂದಾಗಿ ಇದಕ್ಕೆ ಬಂದವು. ಸಣ್ಣವರಿಗೆ ಮೆಷಿನ್ನಿನ ಖರ್ಚು ಜಾಸ್ತಿ, ತಡವಾಯಿತು.

ಬೆಳೆಗಾರರ ಹತ್ತಿರ ನವೆಂಬರ್ ಬಾಟಲಿಗಳು ಉಳಿದಿದ್ದವು. ಕೇಳಿದಷ್ಟು ಕೊಟ್ಟರು. ಒಂದೇ ತೋಟ, ಒಂದೇ ಕೊಯ್ಲು, ಒಂದೇ ಡೋಸೇಜ್, ಎಂಟು ತಿಂಗಳ ಅಂತರ. ಇದಕ್ಕಿಂತ ನ್ಯಾಯವಾದ ಪರೀಕ್ಷೆ ನಮಗೆ ಸಿಗುವುದಿಲ್ಲ. ಮೂರು ಗ್ಲಾಸಿನ ಆಟ ಆಡಿದೆವು. ಎರಡು ಗ್ಲಾಸು ಒಂದು ಬಾಟಲಿಯದು, ಮೂರನೆಯದು ಇನ್ನೊಂದರದು. ನಮ್ಮವರು ಒಳಗೆ ಸುರಿದು, ನಂಬರ್ ಹಚ್ಚಿ ತಂದರು. ಬೇರೆಯದು ಯಾವುದು ಅಂತ ನಾನು ಹೇಳಬೇಕು.

ಮಾರ್ಚ್ ಬಾಟಲಿಗಳನ್ನು ಒಂದಕ್ಕೊಂದು ಹೋಲಿಸಿದಾಗ ಬೇರೆಯದು ಮೂಗಿಗೇ ಸಿಕ್ಕಿಬಿಡುತ್ತಿತ್ತು. ನವೆಂಬರ್ ಬಾಟಲಿಗಳಲ್ಲಿ ಸಿಗಲೇ ಇಲ್ಲ. ಮೂಸಿದೆ, ಕುಡಿದೆ, ಮತ್ತೆ ಮೂಸಿದೆ. "ರೀ, ಮೂರೂ ಒಂದೇ ಬಾಟಲಿಯಿಂದ ಸುರಿದ್ರಾ?" ಅಂದೆ. "ಎರಡೂ ಬಾಟಲಿ ಇಲ್ಲೇ ಇವೆ, ಬಂದು ನೋಡು" ಅಂದರು. ಎಷ್ಟು ಖುಷಿಯಾಯಿತು ಅಂದರೆ ಉಳಿದ ವೈನ್ ಹಾಗೇ ಬಿಟ್ಟು ಬೆಳೆಗಾರರಿಗೆ ಫೋನ್ ಮಾಡಿದೆ.

ನವೆಂಬರ್‌ನದ್ದು ಹೆಚ್ಚು ತಾಜಾ ಅನ್ನುವುದು ಇಲ್ಲಿ ಮುಖ್ಯವಲ್ಲ. ಎಲ್ಲವೂ ಒಂದೇ ಥರ ಇದ್ದವು, ಅದು ಮುಖ್ಯ. ಇನ್ನೊಂದು ಮಾತನ್ನೂ ಹೇಳಬೇಕು. ಮಾರ್ಚ್ ಪೆಟ್ಟಿಗೆಯ ಅತ್ಯುತ್ತಮ ಬಾಟಲಿ ಯಾವ ನವೆಂಬರ್ ಬಾಟಲಿಗಿಂತಲೂ ಚೆನ್ನಾಗಿತ್ತು! ಒಂದಿಷ್ಟೇ ಇಷ್ಟು ಗಾಳಿ ಅದಕ್ಕೆ ಹೊಂದಿಕೊಂಡಿತ್ತು ಅಂತ ಕಾಣುತ್ತದೆ. ಬಾದಾಮಿ, ಬನ್ನಿನ ಘಮ ಅದರಲ್ಲಿ ಜಾಸ್ತಿ. ಡೋಸೇಜ್ ಸಕ್ಕರೆ ವೈನಿನ ಅಮೈನೋ ಆಮ್ಲದ ಜೊತೆ ನಿಧಾನ ಸೇರಿ ಆ ಹುರಿದ ಘಮ ಬರುತ್ತದೆ. ಅಡುಗೆಮನೆಯ ಬಾಣಲೆಯಲ್ಲಿ ನಡೆಯುವ ಮೇಯಾರ್ ಕ್ರಿಯೆಯೇ ಅದು, ತಂಪಿನಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಆದರೂ ಒಂದು ಅದ್ಭುತ ಬಾಟಲಿಗಾಗಿ ಮೂರು ಕೆಟ್ಟದ್ದನ್ನು ಸಹಿಸುವುದು ನನ್ನಿಂದಾಗದು. ನಾನಂತೂ ಜೆಟ್ಟಿಂಗ್ ಪಕ್ಷ.

ಈಗ ಅಂಗಡಿಯವರ ವಿಷಯ. ಬ್ರಸೆಲ್ಸಿನ ಒಂದು ಅಂಗಡಿಯಲ್ಲಿ ಡಿಸ್ಗಾರ್ಜ್ ದಿನಾಂಕ ಕೇಳಿದರೆ, "ಶಾಂಪೇನಿಗೆ ಎಕ್ಸ್‌ಪೈರಿ ಡೇಟ್ ಇರೋದಿಲ್ಲ ಮೇಡಂ" ಅಂದರು. ಇನ್ನೊಂದರಲ್ಲಿ ಪಾರದರ್ಶಕ ಬಾಟಲಿಯ ಬ್ಲಾಂ ದ ಬ್ಲಾಂ ಕಿಟಕಿಯ ಬಿಸಿಲಿನಲ್ಲಿ, ಬಲ್ಬಿನ ಕೆಳಗೆ ನಿಂತಿದೆ, ಬೆಲೆ ಮಾತ್ರ ಪೂರ್ತಿ. ರೋಡರರ್ ಮನೆತನದವರು ತಮ್ಮ ಕ್ರಿಸ್ಟಲ್ ಶಾಂಪೇನಿಗೆ ಹಳದಿ ಹಾಳೆ ಸುತ್ತುವುದು ಚಂದಕ್ಕಲ್ಲ. ತಿಳಿ ಗಾಜಿನ ಬಾಟಲಿಗೆ ಬೆಳಕೇ ಶತ್ರು. ಆನ್‌ಲೈನ್ ಮಾರುವವರು ಜುಲೈ ಬಿಸಿಲಲ್ಲಿ ಪಾರ್ಸಲ್ ಕಳಿಸುತ್ತಾರೆ, ಕೊರಿಯರ್‌ನವರು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ನಾನೀಗ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಏನೂ ತರಿಸುವುದಿಲ್ಲ.

ಮಾಹಿತಿ ಕೊಡುವವರು ಇದ್ದಾರೆ. ಕ್ರೂಗ್ ಮನೆತನದ ಬಾಟಲಿಯ ಹಿಂದೆ 2011ರಿಂದ ಐಡಿ ನಂಬರ್ ಇದೆ, ಅದರಿಂದ ಬಾಟಲಿಯ ಪೂರ್ತಿ ಜಾತಕ ತೆಗೆಯಬಹುದು. ಝಾಕೆಸಾನ್‌ ಮನೆತನದ್ದಂತೂ ಇನ್ನೂ ಸುಲಭ. ಬಾಟಲಿಯ ನಂಬರ್ 728 ಅಂದರೆ 2000ದ ಕೊಯ್ಲು ಆಧಾರ, 736 ಅಂದರೆ 2008. ಬರೀ ಕೂಡುವ ಲೆಕ್ಕ. ಅವರು ಅದೇ ವೈನಿನ ಒಂದು ಪಾಲನ್ನು ಮಡ್ಡಿಯ ಮೇಲೆ ಇನ್ನೂ ಕೆಲವು ವರ್ಷ ಬಿಟ್ಟು, ಡಿಟಿ (ತಡವಾದ ಡಿಸ್ಗಾರ್ಜ್) ಅಂತ ತಡವಾಗಿ ಹೊರಗೆ ತರುತ್ತಾರೆ. 736 ಮತ್ತು 736 ಡಿಟಿ ಎರಡನ್ನೂ ಒಟ್ಟಿಗೆ ತೆರೆಯುವುದು ನನ್ನ ಪಟ್ಟಿಯಲ್ಲಿದೆ. ಒಂದು ಕಾರ್ಕಿನ ಕೆಳಗೆ ಬೆಳೆದದ್ದು, ಇನ್ನೊಂದು ಮಡ್ಡಿಯ ಕಾವಲಿನಲ್ಲಿ ಬೆಳೆದದ್ದು. ಪಕ್ಕಪಕ್ಕ ಕುಡಿಯದೆ ಇದು ಅರ್ಥವಾಗುವ ವಿಷಯವಲ್ಲ.

ಅದಕ್ಕೂ ಮುಂಚೆ ಇನ್ನೊಂದು ಹುಚ್ಚು ಹತ್ತಿದೆ: ಪೋರ್ಚುಗಲ್ಲಿನ ಮದೈರಾ ದ್ವೀಪದ ವೈನ್, ಮದೈರಾ. ಬಿಸಿಗೆ ಹೆದರದ ವೈನ್. ಹೆದರದಿರುವುದೇನು, ಬಿಸಿಯಲ್ಲೇ ಹುಟ್ಟುವುದು. ಒಳ್ಳೆಯ ಮದೈರಾವನ್ನು ಪೀಪಾಯಿಯಲ್ಲಿ ಹಾಕಿ ಬೆಚ್ಚಗಿನ ಅಟ್ಟದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಹಿಂದೆ ಹಡಗಿನಲ್ಲಿ ಇಂಡಿಯಾಕ್ಕೆ ಹೋಗಿ ವಾಪಸ್ ಬಂದ ಪೀಪಾಯಿಗಳಿಗೆ ಬೆಲೆ ಹೆಚ್ಚು, ಸೆಕೆಗೆ ರುಚಿ ಏರಿರುತ್ತಿತ್ತು. ಹಾಗಾದರೆ ನಮ್ಮ ಬಳ್ಳಾರಿ ಯಾಕಾಗಬಾರದು? ಏಪ್ರಿಲ್, ಮೇಯಲ್ಲಿ ನಲವತ್ತು ಡಿಗ್ರಿ ದಾಟುವ ಊರು. ಒಂದೇ ಲಾಟಿನ ಹತ್ತು ವರ್ಷದ ವೆರ್ಡೆಲ್ಹೋ (ಮದೈರಾದ ಒಂದು ದ್ರಾಕ್ಷಿ ತಳಿ) ಎರಡು ಬಾಟಲಿ ತಗೊಂಡು, ಒಂದನ್ನು ಇಲ್ಲಿ ನೆಲಮಾಳಿಗೆಯಲ್ಲಿ, ಇನ್ನೊಂದನ್ನು ತಮ್ಮನ ಮನೆಯಲ್ಲಿ ಇಡುವುದು ಯೋಜನೆ. ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಎರಡು ಲೀಟರ್ ತನಕ ಸುಂಕವಿಲ್ಲದೆ ಬಿಡುತ್ತಾರೆ, ಅಡ್ಡಿಯಿಲ್ಲ. ಫೋನಿನಲ್ಲಿ ಹೇಳಿದೆ. "ಅಕ್ಕಾ, ಅಟ್ಟದ ಮೇಲಿಟ್ರೆ ಕುದ್ದು ಹೋಗುತ್ತೆ" ಅಂದ. "ಅದಕ್ಕೇ ಕಣೋ ಅಲ್ಲಿ ಇಡೋದು" ಅಂದೆ. ಪೀಪಾಯಿಯಲ್ಲಿ ಆಗುವ ಬದಲಾವಣೆ ಗಾಜಿನೊಳಗೆ ಎಷ್ಟು ಆಗುತ್ತದೆ ಅನ್ನುವುದೇ ನೋಡಬೇಕಾದ್ದು. ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು ಅಂತ ಅವನಿಗೆ ಎರಡೆರಡು ಸಲ ಹೇಳಿದ್ದೇನೆ. ಮದೈರಾದ ಆಲ್ಕೋಹಾಲು, ಹುಳಿ ಎರಡೂ ಕಾರ್ಕನ್ನು ತಿನ್ನುತ್ತವೆ.

ಮಾರ್ಚ್ ಪೆಟ್ಟಿಗೆಯಲ್ಲಿ ಉಳಿದಿರುವುದನ್ನು ಈ ಚಳಿಗಾಲದಲ್ಲೇ ಮುಗಿಸುತ್ತೇವೆ. ಕಾದಷ್ಟೂ ಕೆಟ್ಟವು ಹೆಚ್ಚುತ್ತವೆ. ಜೊತೆಗೆ ಅಮ್ಮ ಕಳಿಸಿದ ಕೋಡುಬಳೆ ಇದೆ. ಕರಿದ ಉಪ್ಪು ತಿಂಡಿ, ಸಿಹಿ ಕಡಿಮೆಯ ಹುಳಿ ಶಾಂಪೇನ್, ಇವೆರಡೂ ಬಹಳ ಚೆನ್ನಾಗಿ ಹೊಂದುತ್ತವೆ. ನವೆಂಬರ್ ಬಾಟಲಿಗಳ ಮೇಲೆ ಮಾತ್ರ 2030 ಅಂತ ಚೀಟಿ ಅಂಟಿಸಿದ್ದೇನೆ. ಬೆಳೆಗಾರರು ಮುಂದಿನ ಕೊಯ್ಲಿನಿಂದ ಬಾಟಲಿಯ ಹಿಂಬದಿಯ ಲೇಬಲ್ಲಿನಲ್ಲಿ ಡಿಸ್ಗಾರ್ಜ್ ವಿಧಾನವನ್ನೂ ಹಾಕುತ್ತೇನೆ ಅಂದಿದ್ದಾರೆ. ಹಾಕಿದರೆ ಆ ಲೇಬಲ್ಲಿನ ಫೋಟೋ ಮುಂದಿನ ಟಿಪ್ಪಣಿಯಲ್ಲಿ.