ಹಾಲಿನ ಜಗ್ ಮುಟ್ಟಬೇಡ

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಒಂದು ಸಣ್ಣ ಟೀ ರೂಮಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಬ್ರಾಮ್ಲಿ ಸೇಬು ಬಂತೆಂದರೆ ಡಾರ್ಸೆಟ್ ಆಪಲ್ ಕೇಕ್ ಶುರು. ಪಕ್ಕದ ಡೆವನ್, ಸೋಮರ್‌ಸೆಟ್‌ನವರಿಗೂ ಅವರದ್ದೇ ಆಪಲ್ ಕೇಕ್ ಇದೆ. ಯಾರದ್ದು ಚೆನ್ನ ಅಂತ ಕೇಳಿದರೆ ಟೀ ಆರಿಹೋಗುವವರೆಗೂ ಮಾತು.

ಅಳತೆ ಸುಲಭ. 225 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ), ಅದರ ಅರ್ಧ ಬೆಣ್ಣೆ, ಅರ್ಧ ಸಕ್ಕರೆ, ಹಿಟ್ಟಿನಷ್ಟೇ ಸೇಬು, ಒಂದು ಮೊಟ್ಟೆ, ಒಂದೆರಡು ಚಮಚ ಹಾಲು. ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿ ರವೆಯಂತೆ ಮಾಡಬೇಕು.

ನನ್ನ ಮೊದಲ ಅಕ್ಟೋಬರ್. ಕಲಸಿದ್ದು ಎಷ್ಟು ಗಟ್ಟಿ ಎಂದರೆ ಸೌಟು ನೆಟ್ಟಗೆ ನಿಂತಿತ್ತು. ಇದೆಲ್ಲಿ ಕೇಕ್ ಆಗುತ್ತೆ ಅಂದುಕೊಂಡು, ಇಡ್ಲಿ ಹಿಟ್ಟಿನ ಹದ ಬರುವವರೆಗೆ ಹಾಲು ಸುರಿದೆ. ಮೂರು ಟಿನ್. ಓವನ್‌ನಿಂದ ತೆಗೆದಾಗ ಮೇಲೆ ಹೊಂಬಣ್ಣ, ಉದುರಿಸಿದ್ದ ಡೆಮೆರಾರಾ ಎಂಬ ದಪ್ಪ ಹರಳಿನ ಕಂದು ಸಕ್ಕರೆ ಫಳಫಳ. ಕತ್ತರಿಸಿದರೆ ನಡುವೆ ಬರೀ ಅಂಟು. ಅಂಚನ್ನು ಕಸ್ಟರ್ಡ್ ಹಾಕಿಕೊಂಡು ನಾವೇ ತಿಂದೆವು, ಉಳಿದಿದ್ದು ಬುಟ್ಟಿಗೆ.

ಮುಖ್ಯ ಬೇಕರ್ ಬೈಯಲಿಲ್ಲ. ಒಂದು ಹಿಡಿ ಹೆಚ್ಚಿದ ಸೇಬನ್ನು ತಟ್ಟೆಗೆ ಹಾಕಿ, ಮೇಲೆ ಸಕ್ಕರೆ ಉದುರಿಸಿ, ಪಾತ್ರೆ ತೊಳೆಯಲು ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು ತಟ್ಟೆ ಓರೆ ಮಾಡಿದರು. ಅಂಚಿಗೆ ನೀರು ಹರಿದು ಬಂತು. "ನಿನ್ನ ಹಾಲು ಇಲ್ಲಿದೆ ನೋಡು" ಎಂದರು.

ನಾಚಿಕೆಯಾಯಿತು. ಸೌತೆಕಾಯಿ ರೊಟ್ಟಿಗೆ ಹಿಟ್ಟು ಕಲಸುವಾಗ "ನೀರು ಹಾಕ್ಬೇಡ, ಅದೇ ಬಿಟ್ಕೊಳ್ಳುತ್ತೆ" ಅಂತ ಅಮ್ಮ ನೂರು ಸಲ ಹೇಳಿದ್ದಳು. ಅಲ್ಲಿ ಉಪ್ಪು, ಇಲ್ಲಿ ಸಕ್ಕರೆ, ಅಷ್ಟೇ ಅಲ್ವಾ?

ಬ್ರಾಮ್ಲಿ ಹಸಿಯಾಗಿ ತಿಂದರೆ ಹುಳಿ ಹಲ್ಲಿಗೆ ಹತ್ತುತ್ತದೆ, ಬೆಂದರೆ ಕರಗಿ ನುಣ್ಣಗಾಗುತ್ತದೆ. 1809ರಲ್ಲಿ ಸೌತ್‌ವೆಲ್ ಊರಿನ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಹಾಕಿದ ಬೀಜದ ಗಿಡ ಅದು. ಹೆಸರು ಮಾತ್ರ ಆಮೇಲೆ ಗಿಡವಿದ್ದ ಆ ಮನೆ ಕೊಂಡ ಕಟುಕ ಬ್ರಾಮ್ಲಿಯದ್ದು. ಪಾಪ ಹುಡುಗಿ.

ಈಗ ನಾನು ಓವನ್ ಕಾದ ಮೇಲೆಯೇ ಸೇಬು ಹೆಚ್ಚುವುದು. ಸಿಪ್ಪೆ, ನಡುವಿನ ದಿಂಡು ತೆಗೆದ ಮೇಲೆ ತೂಗುತ್ತೇನೆ. ಹಾಲು ಚಮಚದಲ್ಲಿ, ಅದೂ ಕೊನೆಗೆ. ಜನವರಿಯಲ್ಲಿ ಯಾರ್ಕ್‌ಶೈರಿನ ರೂಬಾರ್ಬ್ ಬರುತ್ತದೆ. ಕತ್ತಲೆ ಶೆಡ್‌ನಲ್ಲಿ ಬೆಳೆಸಿ, ಮೇಣದಬತ್ತಿ ಬೆಳಕಿನಲ್ಲಿ ಕೀಳುವ ಗುಲಾಬಿ ದಂಟು. ಅದರಲ್ಲಿ ನೀರು ಇನ್ನೂ ಜಾಸ್ತಿ. ಆ ದಿನ ಹಾಲಿನ ಜಗ್ ಫ್ರಿಜ್‌ನಿಂದ ಹೊರಗೇ ಬರುವುದಿಲ್ಲ.