ಬಾದಾಮಿ ಬಂಡೆಯ ಕೆಳಗೆ ಹಗ್ಗ ಹಿಡಿದವರು

ಬಾದಾಮಿ ಅಂದರೆ ಎಲ್ಲರಿಗೂ ಗುಹೆ, ಕೆರೆ, ಚಾಲುಕ್ಯರು ನೆನಪಾಗುತ್ತಾರೆ. ಬಂಡೆ ಹತ್ತುವವರ ಲೆಕ್ಕದಲ್ಲಿ ಮಾತ್ರ ಅದು ಬೇರೆಯೇ ಊರು. ಅಲ್ಲಿನ ಕೆಂಪು ಮರಳುಗಲ್ಲಿಗಾಗಿ ಹೊರದೇಶದಿಂದಲೂ ಜನ ಬರುತ್ತಾರೆ. ನಮ್ಮ ಯುವಕ ಸಂಘದ ಕ್ಯಾಂಪಿಗೆ ಜಾಗ ಹುಡುಕುವಾಗ ಕಾಡು, ಹೊಳೆ, ಸಮುದ್ರ ಎಲ್ಲ ಮಾತಿಗೆ ಬಂದು, ಕೊನೆಗೆ ಬಾದಾಮಿ ಅಂತಾಯಿತು. ಕಾಲೇಜು ಓದುವ ಹುಡುಗ ಹುಡುಗಿಯರೇ ಜಾಸ್ತಿ. ಬಂಡೆ ಹತ್ತಿದ ಅನುಭವ ಅವರಲ್ಲಿ ಒಬ್ಬರಿಗೂ ಇರಲಿಲ್ಲ.

ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ. ನಾವು ಇಳಿದಾಗ ಡಿಸೆಂಬರಿನ ಚಳಿ ಚೆನ್ನಾಗಿಯೇ ಇತ್ತು. ಊರಾಚೆ, ಜಮೀನಿನವರ ಒಪ್ಪಿಗೆ ಪಡೆದು ಬಯಲಲ್ಲಿ ಟೆಂಟ್ ಹಾಕಿದೆವು. ಬಂಡೆಯ ಬುಡದಲ್ಲೇ ಹಾಕೋಣ, ನೆರಳಿರುತ್ತೆ ಅಂತ ಹುಡುಗರ ಆಸೆ. ಮೇಲಿಂದ ಕಲ್ಲು ಉರುಳಬಹುದು, ಮಂಗಗಳ ಕಾಟ ಬೇರೆ ಅಂತ ತರಬೇತಿ ಕೊಡುವ ಅಣ್ಣ ಬೇಡವೆಂದರು. ಬಾದಾಮಿಯಲ್ಲೇ ಹುಟ್ಟಿ, ಅದೇ ಬಂಡೆಗಳ ಮೇಲೆ ಬೆಳೆದವರು ಅವರು.

ಮೊದಲ ದಿನ ಯಾರನ್ನೂ ಬಂಡೆ ಮುಟ್ಟಲು ಬಿಡಲಿಲ್ಲ. ಬರೀ ಹಗ್ಗದ ಪಾಠ. "ಹಗ್ಗಾ ಒಟ್ಟ ತುಳೀಬ್ಯಾಡ್ರಿ" ಅನ್ನೋದು ಅವರ ಮೊದಲ ಮಾತು. ತುಳಿದರೆ ಮರಳಿನ ಕಣಗಳು ಹೊರಗಿನ ಹೆಣಿಗೆ ದಾಟಿ ಒಳಗೆ ಸೇರುತ್ತವೆ. ಹಗ್ಗದ ಮೇಲೆ ಭಾರ ಬಿದ್ದಾಗಲೆಲ್ಲ ಆ ಕಣಗಳು ಒಳಗಿನ ಎಳೆಗಳನ್ನು ಸವೆಸುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇದನ್ನು ಕೇಳಿದ ಮೇಲೆ ಹುಡುಗರು ಹಗ್ಗದ ಸುತ್ತ ಹಾದು ಹೋಗತೊಡಗಿದರು. ಆಮೇಲೆ ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿ, ಅಂದರೆ ಹಾರ್ನೆಸ್ ಕಟ್ಟೋದು, ಎಂಟರ ಆಕಾರದ ಗಂಟು ಹಾಕೋದು, ಕ್ಯಾರಬಿನರ್ ಅನ್ನೋ ಲೋಹದ ಕೊಂಡಿಯ ತಿರುಪು ಬಿಗಿ ಇದೆಯಾ ನೋಡೋದು. ನಮ್ಮ ಗಂಟನ್ನು ನಾವು ನೋಡಿಕೊಂಡರೆ ಸಾಲದು, ಜೊತೆಗಾರರೂ ನೋಡಬೇಕು. ಅದಾಗುವವರೆಗೆ ಕಾಲು ನೆಲದ ಮೇಲೇ.

ಸಂಜೆಯಷ್ಟೂ ಬಿಲೇ, ಅಂದರೆ ಹತ್ತುವವರ ಹಗ್ಗವನ್ನು ಕೆಳಗೆ ನಿಂತು ಹಿಡಿಯುವುದರ ಕಲಿಕೆಗೆ ಹೋಯಿತು. ಹತ್ತುವವರ ಹಾರ್ನೆಸ್ಸಿನಿಂದ ಹೊರಟ ಹಗ್ಗ ಬಂಡೆಯ ನೆತ್ತಿಯಲ್ಲಿ ಭದ್ರಪಡಿಸಿದ ಆಧಾರದ (ಆಂಕರ್) ಮೂಲಕ ಹಾದು ಕೆಳಗಿರುವವರ ಕೈಗೆ ಬರುತ್ತದೆ. ಅವರ ಸೊಂಟದ ಹತ್ತಿರ ಇರುವ ಚಿಕ್ಕ ಸಾಧನದಲ್ಲಿ ಹಗ್ಗ ಬಾಗಿ ಹೋಗುತ್ತದೆ. ಮೇಲಿನವರು ಜಾರಿದರೆ ಅದೇ ಬಾಗಿನಲ್ಲಿ ಉಜ್ಜಿ ಹಗ್ಗ ನಿಲ್ಲುತ್ತದೆ. ಆದರೆ ಕೆಳಗಿನವರು ಹಗ್ಗದ ತುದಿಯ ಕಡೆಯ ಕೈಯನ್ನು ಒಂದು ಕ್ಷಣವೂ ಬಿಡುವಂತಿಲ್ಲ. ಮೂಗು ತುರಿಸಿದರೂ ಇನ್ನೊಂದು ಕೈಯಲ್ಲೇ.

ಮರುದಿನ ನಮ್ಮ ತಂಡದ ಅತಿ ತೂಕದ ಹುಡುಗ ಹತ್ತಲು ನಿಂತ. ಕೆಳಗೆ ಹಗ್ಗ ಹಿಡಿಯುವ ಸರದಿ ಅತಿ ಸಣ್ಣಗಿದ್ದ, ಮಾತೂ ಕಡಿಮೆಯಿದ್ದ ಹುಡುಗಿಯದು. "ಬೇರೆಯವರು ಹಿಡೀಲಿ ಅಣ್ಣಾ" ಅಂತ ಅವನೇ ನನ್ನ ಹತ್ತಿರ ಬಂದ. ತರಬೇತುದಾರರು ನಕ್ಕು, ಅವಳ ಹಾರ್ನೆಸ್ಸಿನ ಹಿಂಬದಿಯಿಂದ ಒಂದು ಪಟ್ಟಿಯನ್ನು ದೊಡ್ಡ ಬಂಡೆಗಲ್ಲಿಗೆ ಬಿಗಿದರು. ತೂಕದ ವ್ಯತ್ಯಾಸ ಜಾಸ್ತಿ ಇದ್ದಾಗ ಹಾಗೆ ಮಾಡದಿದ್ದರೆ, ಮೇಲಿನವನು ಬಿದ್ದಾಗ ಹಗ್ಗ ಕೆಳಗಿನವಳನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ.

ಅರ್ಧ ಎತ್ತರದವರೆಗೆ ಚೆನ್ನಾಗಿಯೇ ಹೋದ. ಅಲ್ಲೊಂದು ಅಡ್ಡ ಸೀಳು. ಬೆರಳು ತೂರಿಸಿ ನಿಂತವನ ಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ನಡುಗಲು ಶುರುವಾಯಿತು. "ಅಂಜಬ್ಯಾಡ ತಮ್ಮಾ, ಎಡಕ್ಕ ನೋಡು, ಅಲ್ಲೇ ಕಾಲಿಡು" ಅಂತ ಕೆಳಗಿಂದ ಕೂಗು. ಕಾಲಿಟ್ಟ, ಜಾರಿದ. ಹಗ್ಗ ಬಿಗಿಯಿತು. ಅವಳ ಹಿಮ್ಮಡಿ ಎರಡೂ ನೆಲ ಬಿಟ್ಟು ಎದ್ದವು, ಬೆನ್ನ ಹಿಂದಿನ ಪಟ್ಟಿ ಸೆಟೆದು ನಿಂತಿತು. ಬಲಗೈ ಮಾತ್ರ ತೊಡೆಯ ಪಕ್ಕದಿಂದ ಅಲುಗಲಿಲ್ಲ. ಅವನು ಒಂದೆರಡು ಅಡಿ ಕೆಳಗೆ ತೂಗಾಡುತ್ತಿದ್ದ, ಅಷ್ಟೇ. "ಹಿಡ್ಕೊಂಡಿದೀನಿ, ಆರಾಮಾಗಿ ಹತ್ತು" ಅಂದಳು. ಎರಡು ದಿನದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವನು ಹತ್ತಿಯೇ ಇಳಿದ.

ಇಂಥ ಕ್ಯಾಂಪುಗಳಲ್ಲಿ ತುದಿ ಮುಟ್ಟಿದವರಿಗೇ ಚಪ್ಪಾಳೆ, ಫೋಟೋ. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ನಿಂತವರನ್ನು ಯಾರೂ ಕೇಳುವುದಿಲ್ಲ, ಅಲ್ವಾ? ನನಗೆ ಇದು ಸರಿ ಅನ್ನಿಸುವುದಿಲ್ಲ. ಅವತ್ತಿನಿಂದ ರಾತ್ರಿ ಊಟದ ಹೊತ್ತಿಗೆ ಎಲ್ಲರೂ ತಮ್ಮ ಹಗ್ಗ ಯಾರು ಹಿಡಿದಿದ್ದರು, ಹೇಗೆ ಹಿಡಿದರು ಅಂತ ಹೇಳಬೇಕು ಎಂದು ಮಾಡಿದೆವು. ಮೊದಮೊದಲು ಸುಮ್ನೆ ಹೆಸರು ಹೇಳಿ ಕೂರುತ್ತಿದ್ದರು. ಆಮೇಲೆ ಹಗ್ಗ ಎಲ್ಲಿ ಸಡಿಲವಾಯಿತು, ಯಾವ ಮಾತು ಧೈರ್ಯ ಕೊಟ್ಟಿತು ಅನ್ನುವವರೆಗೂ ಮಾತು ಬೆಳೆಯಿತು. ಅಡುಗೆ, ನೀರು, ಪಾತ್ರೆ ಎಲ್ಲ ಸರದಿಯ ಮೇಲೆ ನಡೆದವು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಕೊನೆಯ ದಿನ ಬೆಳಿಗ್ಗೆ ಹಗ್ಗದಲ್ಲಿ ಇಳಿಯುವ ರ‍್ಯಾಪೆಲಿಂಗ್. ಹಿಂದಕ್ಕೆ ವಾಲುವ ಆ ಮೊದಲ ಹೆಜ್ಜೆ ಹತ್ತುವುದಕ್ಕಿಂತ ಕಷ್ಟ ಅಂತ ಹೆಚ್ಚಿನವರು ಹೇಳಿದರು. ಮಧ್ಯಾಹ್ನ ಗುಹೆಗಳಿಗೆ ಹೋದೆವು. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಹಾಕಿಸಿದ ಶಾಸನವಿದೆ, ಕ್ರಿ.ಶ. 578ರದ್ದು. ಶಿಲ್ಪಗಳ ಮೇಲೆ ಇವರ ಕಣ್ಣು ಬೇಗ ನಿಲ್ಲಲೇ ಇಲ್ಲ. ತಾವು ಬೆರಳು ತೂರಿಸಿದ ಅಡ್ಡ ಪದರಗಳೇ ಗುಹೆಯ ಗೋಡೆಯಲ್ಲೂ ಸಾಗಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಆ ಕಲ್ಲು ಎಷ್ಟು ಗಟ್ಟಿ, ಎಲ್ಲಿ ಪುಡಿಯಾಗುತ್ತದೆ ಅಂತ ಅವರ ಕೈಗೆ ಗೊತ್ತಾಗಿತ್ತು. ಉಳಿ ಹಿಡಿದವರು ಇದನ್ನು ಹೇಗೆ ಕಡೆದರು ಅನ್ನುವ ಪ್ರಶ್ನೆ ತಾನಾಗಿ ಬಂತು. ಕೆರೆಯ ಆಚೆ ದಡದ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನೂ ನೋಡಿದೆವು. ಕನ್ನಡದ ಬಹು ಹಳೆಯ ತ್ರಿಪದಿಗಳು ಅಲ್ಲಿವೆ.

ನಿಮ್ಮ ತಂಡವೂ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆಮೇಲೆ ಬಂಡೆ ಕಾದು ಕೈಯಿಡಲು ಆಗುವುದಿಲ್ಲ. ಮಳೆ ಬಿದ್ದರೆ ಕಲ್ಲು ಪೂರ್ತಿ ಒಣಗುವವರೆಗೆ ಕಾಯಿರಿ. ನೀರು ಕುಡಿದ ಮರಳುಗಲ್ಲಿನ ಹಿಡಿಗಳು ಕಿತ್ತು ಬರುತ್ತವೆ. ಸ್ಮಾರಕಗಳಿರುವ ಬಂಡೆಗಳ ತಂಟೆಗೆ ಹೋಗಬೇಡಿ. ತರಬೇತಿ ಪಡೆದವರಿಲ್ಲದೆ ಹಗ್ಗ ಕಟ್ಟಬೇಡಿ. ಹೆಲ್ಮೆಟ್ ಹತ್ತುವವರಿಗೆ ಎಷ್ಟು ಬೇಕೋ ಕೆಳಗೆ ನಿಂತವರಿಗೂ ಅಷ್ಟೇ ಬೇಕು, ಲೆಕ್ಕ ಹಾಕಿ ಒಯ್ಯಿರಿ.