ಮೂತ್ರದಲ್ಲಿ ಸಕ್ಕರೆ ಇಲ್ಲ ಅಂದರೆ ಏನರ್ಥ?

ಮೂತ್ರದಲ್ಲಿ ಸಕ್ಕರೆ ಕಾಣಲಿಲ್ಲ, ಹಾಗಾಗಿ ನನಗೆ ಶುಗರ್ ಇಲ್ಲ ಎಂದು ಯಾರಾದರೂ ನೆಮ್ಮದಿಯಾಗಿ ಹೇಳಿದಾಗ ನನಗೆ ಸುಮ್ನೆ ಇರಲು ಆಗುವುದಿಲ್ಲ. ಅದರರ್ಥ ಇಷ್ಟೇ: ಸೋಸಿ ಬಂದ ಸಕ್ಕರೆಯನ್ನು ಕಿಡ್ನಿ ವಾಪಸ್ ಎಳೆದುಕೊಂಡಿದೆ.

ಕಿಡ್ನಿ ಅಂದರೆ ಜರಡಿ ಅಂತ ಓದಿದ್ದೇವೆ, ಅಲ್ವಾ? ಆದರೆ ಸೋಸುವುದು ಅದರ ಸುಲಭದ ಕೆಲಸ. ದಿನಕ್ಕೆ ಸುಮಾರು 180 ಲೀಟರ್ ದ್ರವ ರಕ್ತದಿಂದ ಸೋಸಿ ನಳಿಕೆಗಳಿಗೆ ಇಳಿಯುತ್ತದೆ, ಗ್ಲುಕೋಸ್ ಕಣ ಪುಟ್ಟದಾದ್ದರಿಂದ ಅದೂ ಜೊತೆಗೇ ಜಾರಿ ಬರುತ್ತದೆ, ದಿನಕ್ಕೆ ಹತ್ತಿರಹತ್ತಿರ 180 ಗ್ರಾಂ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ರಕ್ತಕ್ಕೆ ಮರಳುತ್ತದೆ.

ಮರಳುವ ರೀತಿ ನನಗೆ ತುಂಬಾ ಇಷ್ಟ. ನಳಿಕೆಯ ಗೋಡೆಯ ಜೀವಕೋಶ ತನ್ನ ಹಿಂಬದಿಯ ಪಂಪ್‌ನಿಂದ ಸೋಡಿಯಂ ಅನ್ನು ಸದಾ ಹೊರಗೆ ಹಾಕುತ್ತಿರುತ್ತದೆ. ಶಕ್ತಿ ಖರ್ಚಾಗುವುದು ಅಲ್ಲಿ. ಒಳಗೆ ಸೋಡಿಯಂ ಕಡಿಮೆಯಾದಾಗ ನಳಿಕೆಯ ಕಡೆಯ ಸೋಡಿಯಂ ಒಳಗೆ ನುಗ್ಗುತ್ತದೆ, ನುಗ್ಗುವಾಗ ಗ್ಲುಕೋಸನ್ನೂ ಎಳೆದು ತರುತ್ತದೆ. ಇಬ್ಬರನ್ನೂ ಒಟ್ಟಿಗೆ ಒಳಗೆ ಬಿಡುವ, ಪ್ರೋಟೀನಿನಿಂದಾದ ಬಾಗಿಲು ಎಸ್‌ಜಿಎಲ್‌ಟಿ2. ನೂರಕ್ಕೆ ಸುಮಾರು 90 ಭಾಗ ಸಕ್ಕರೆಯ ಕೆಲಸ ಇಲ್ಲೇ ಮುಗಿಯುತ್ತದೆ, ಉಳಿದದ್ದನ್ನು ನಳಿಕೆಯ ಮುಂದಿನ ತುಂಡಿನಲ್ಲಿ ಎಸ್‌ಜಿಎಲ್‌ಟಿ1 ಹೆಕ್ಕುತ್ತದೆ, ಒಂದು ಗ್ಲುಕೋಸ್‌ಗೆ ಎರಡು ಸೋಡಿಯಂ ಲೆಕ್ಕದಲ್ಲಿ.

ಆದರೆ ಬಾಗಿಲುಗಳಿಗೂ ಮಿತಿ ಇದೆ. ರಕ್ತದಲ್ಲಿ ಸಕ್ಕರೆ ಸುಮಾರು 180 (ಮಿ.ಗ್ರಾಂ/ಡೆಸಿಲೀಟರ್) ದಾಟಿದ ಮೇಲೆ ಎಲ್ಲವನ್ನೂ ಹಿಡಿಯಲು ಆಗದೆ ಉಳಿದದ್ದು ಮೂತ್ರಕ್ಕೆ ಸೇರುತ್ತದೆ. ಅಂದರೆ ಖಾಲಿ ಹೊಟ್ಟೆಯಲ್ಲಿ 150 ಇದ್ದರೂ, ಅದು ಡಯಾಬಿಟಿಸ್ ಮಟ್ಟವೇ ಆದರೂ, ಮೂತ್ರ ಸ್ವಚ್ಛವಾಗಿ ಕಾಣಬಹುದು! ಅದಕ್ಕೇ ದಯವಿಟ್ಟು ರಕ್ತ ಪರೀಕ್ಷೆ ಮಾಡಿಸಿ.

ಬೇಸರದ ಸಂಗತಿ ಇನ್ನೊಂದಿದೆ. ಡಯಾಬಿಟಿಸ್ ಇದ್ದಾಗ ಕಿಡ್ನಿ ಜಾಸ್ತಿ ಸಕ್ಕರೆಯನ್ನು ಹೊರಗೆ ಬಿಡಬೇಕಿತ್ತು, ಅದು ಮಾಡುವುದು ಉಲ್ಟಾ. ಎಳೆದುಕೊಳ್ಳುವ ಶಕ್ತಿ ಇನ್ನೂ ಹೆಚ್ಚುತ್ತದೆ. ಆ ಬಾಗಿಲನ್ನೇ ಮುಚ್ಚಿದರೆ ಹೇಗೆ? 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಬೇರ್ಪಡಿಸಿದ ಫ್ಲೋರಿಜಿನ್ ಎಂಬ ವಸ್ತು ಇದನ್ನೇ ಮಾಡುತ್ತಿತ್ತು, ಮೂತ್ರದಲ್ಲಿ ಸಕ್ಕರೆ ಬರಿಸುತ್ತಿತ್ತು. ಆದರೆ ಅದು ಕರುಳಿನಲ್ಲೂ ಇರುವ ಎಸ್‌ಜಿಎಲ್‌ಟಿ1 ಅನ್ನೂ ತಡೆಯುತ್ತಿದ್ದರಿಂದ ಮಾತ್ರೆಯಾಗಿ ಕೊಡಲು ಆಗಲಿಲ್ಲ. ಈಗಿನ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮುಖ್ಯವಾಗಿ ಎಸ್‌ಜಿಎಲ್‌ಟಿ2 ಅನ್ನು ಹಿಡಿಯುತ್ತವೆ. ಹೃದಯಕ್ಕೂ ಕಿಡ್ನಿಗೂ ಅವುಗಳಿಂದ ಒಳ್ಳೆಯದಾಗಿದೆ. ಜನನಾಂಗದ ಭಾಗದಲ್ಲಿ ಫಂಗಸ್ ಸೋಂಕು ಬರುವ ಸಾಧ್ಯತೆ ಮಾತ್ರ ಹೆಚ್ಚುತ್ತದೆ, ತುರಿಕೆ ಶುರುವಾದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಬೇಕು.

ಈ ಮಾತ್ರೆ ತೆಗೆದುಕೊಳ್ಳುವವರ ಮೂತ್ರ ಪರೀಕ್ಷೆಯಲ್ಲಿ ರಕ್ತದ ಶುಗರ್ ಹತೋಟಿಯಲ್ಲಿದ್ದರೂ ಸಕ್ಕರೆ ಕಾಣುತ್ತದೆ. ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ.